ಪರ್ತ್‌ನಲ್ಲಿ ಹೊಗೆ ಉಪ್ಪಿಟ್ಟು

ಹೊಸಪೇಟೆ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಕಾಂಗರೂ ನೋಡಿದಿರಾ? ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದರು, ಪಕ್ಕದ ಮನೆಯವರು ಕೇಳಿದರು, ಕಮಲಾಪುರದಿಂದ ಬಾಳೆಹಣ್ಣು ತಂದು ಮಾರುವ ಹೆಂಗಸೂ ಕೇಳಿದಳು. ನೋಡಲಿಲ್ಲ. ರಜೆಯ ಬಹುಪಾಲು ನಾನು ನೋಡಿದ್ದು ನಮ್ಮಣ್ಣನ ಹಿತ್ತಲಿನಲ್ಲಿದ್ದ ಒಂದು ಕಪ್ಪು ಕಬ್ಬಿಣದ ಡಬ್ಬಿಯನ್ನು. ಅದನ್ನು ಪೆಲೆಟ್ ಗ್ರಿಲ್ ಎನ್ನುತ್ತಾರೆ. ಅದರ ಮುಚ್ಚಳ ತೆರೆಯಲಿ ಎಂದು ಹಸಿದುಕೊಂಡು ಕಾದು ಕೂತಷ್ಟು ಹೊತ್ತು ನಾನು ಯಾವ ದೇವರ ಬಾಗಿಲು ತೆರೆಯಲೆಂದೂ ಕಾದವಳಲ್ಲ.

ನಮ್ಮಣ್ಣ ಚನ್ನಬಸಪ್ಪ ಮೊದಲು ಸಂಡೂರಿನ ಗಣಿಗಳಲ್ಲಿ ಡಂಪರ್ ರಿಪೇರಿ ಮಾಡುತ್ತಿದ್ದ. ಅಲ್ಲಿ ಗಣಿಗಳು ಬಂದ್ ಆದಾಗ ಕೈ ಕಟ್ಟಿ ಕೂಡುವ ಜಾಯಮಾನ ಅವನದಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗಣಿಗಳಲ್ಲಿ ಕೆಲಸ ಹುಡುಕಿಕೊಂಡು ಹೋಗಿ ಪರ್ತ್‌ನಲ್ಲಿ ಮನೆ ಮಾಡಿದ. ಗಣಿ ಇರುವುದು ದೂರದ ಮರುಭೂಮಿಯಲ್ಲಿ. ವಿಮಾನದಲ್ಲಿ ಹೋಗಿ ಎರಡು ವಾರ ದುಡಿದು, ಮನೆಗೆ ಬಂದು ಒಂದು ವಾರ ಇರುವುದು. ಅತ್ತಿಗೆ ಗಿರಿಜಾ ಕಂಪ್ಲಿಯವಳು, ರೈಸ್ ಮಿಲ್ಲಿನವರ ಮಗಳು. ಅವರಿಗೆ ಮಕ್ಕಳಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಅತ್ತಿಗೆ ಹೃದಯಾಘಾತವಾಗಿ ತೀರಿಕೊಂಡಳು. "ಮನ್ಯಾಗ ಹೋದ್ಲು" ಎಂದಷ್ಟೇ ಅಣ್ಣ ಫೋನಿನಲ್ಲಿ ಹೇಳಿದ. ಆಗ ನನಗೆ ವೀಸಾ ಸಿಗಲಿಲ್ಲ. ಈ ಬೇಸಿಗೆ ರಜೆಗೆ, ವರ್ಷದ ಪುಣ್ಯತಿಥಿಗಾದರೂ ಇರೋಣವೆಂದು ಹೊರಟೆ. ನಮ್ಮ ಮನೆಯವರಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಎಂದರೆ ಪಂಪ್‌ಸೆಟ್ ಸುಟ್ಟುಕೊಂಡು ಬರುವ ರೈತರ ಕಾಲ. ಹೀಗಾಗಿ ಒಬ್ಬಳೇ ಹೋದೆ.

ವಿಮಾನ ನಿಲ್ದಾಣ

ಪರ್ತ್ ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ಬಂದು ನನ್ನ ಬ್ಯಾಗಿನ ಪಕ್ಕ ಕೂತಿತು. ನಾನು ಅದನ್ನು "ಹಚಾ" ಎಂದೆ. ಅದು ಹೊರದೇಶದ ತಿಂಡಿ ಮೂಸಿ ಹಿಡಿಯುವ, ಪೊಲೀಸ್ ನಾಯಿಗಿಂತ ದೊಡ್ಡ ಹುದ್ದೆಯ ನಾಯಿ ಎಂದು ಆಮೇಲೆ ತಿಳಿಯಿತು. ಕೈಗವಸು ತೊಟ್ಟ ಅಧಿಕಾರಿಣಿ ನನ್ನ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಜೋಳದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಶೇಂಗಾ ಚಟ್ನಿಪುಡಿಯ ವಾಸನೆ ತೆಗೆದುಕೊಂಡು ಸೀನಿದಳು. ಅವೆರಡನ್ನೂ ಬಿಟ್ಟು ಮಜ್ಜಿಗೆ ಮೆಣಸಿನಕಾಯಿಯ ಡಬ್ಬಿಯನ್ನು ಎತ್ತಿಕೊಂಡಳು. ಅದರಲ್ಲಿ ಬೀಜವೂ ಇದೆ, ಹಾಲಿನ ಪದಾರ್ಥವೂ ಇದೆ, ಎರಡು ತಪ್ಪು ಎಂದಳು. ನಮ್ಮ ಮಾಳಿಗೆಯ ಮೇಲೆ ದಿನವೂ ಕಾಗೆ ಓಡಿಸುತ್ತ ಒಣಗಿಸಿದ್ದು. ಅದು ಕಸದ ತೊಟ್ಟಿಗೆ ಬೀಳುವ ಸದ್ದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಹೊರಗೆ ಅಣ್ಣ ನಿಂತಿದ್ದ, ನಾನು ಇರುವಷ್ಟು ದಿನ ಗಣಿಗೆ ರಜೆ ಹಾಕಿದ್ದ. ತೆಳ್ಳಗಾಗಿದ್ದ, ಗಡ್ಡ ಬಿಟ್ಟಿದ್ದ. ತಬ್ಬಿಕೊಂಡಾಗ ಮೈಯೆಲ್ಲ ಹೊಗೆಯ ವಾಸನೆ. ಮನೆಗೆ ಹೋಗುವ ದಾರಿಯಲ್ಲಿ ಅತ್ತಿಗೆಯ ಮಾತು ತೆಗೆಯಬೇಕೆಂದು ನಾನು ಬಾಯಿ ತೆರೆದಾಗಲೆಲ್ಲ ಅವನು ಹೊಸ ಗ್ರಿಲ್ಲಿನ ವಿಷಯ ಹೇಳಿದ.

ಹಿತ್ತಲು

ಮೊದಲು ಇದು ಏನೆಂದು ಹೇಳಿಬಿಡುತ್ತೇನೆ. ಹೊಸಪೇಟೆಯ ಯಾವ ಅಂಗಡಿಯಲ್ಲೂ ನಾನಿದನ್ನು ನೋಡಿಲ್ಲ. ನಾಲ್ಕು ಕಾಲಿನ ಮೇಲೆ ಅಡ್ಡ ಮಲಗಿಸಿದ ಡ್ರಮ್ಮಿನಂಥ ಪೆಟ್ಟಿಗೆ, ಮೇಲೊಂದು ಮುಚ್ಚಳ. ಪಕ್ಕದಲ್ಲಿ ಒಂದು ಡಬ್ಬಿ. ಅದರೊಳಗೆ ಕಟ್ಟಿಗೆ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳು, ನೋಡಲು ದನಕ್ಕೆ ಹಾಕುವ ಹಿಂಡಿಯ ಹಾಗೆ. ಕೆಳಗೆ ಉದ್ದನೆಯ ಸ್ಕ್ರೂ ತಿರುಗಿ ಗುಳಿಗೆಗಳನ್ನು ಇಷ್ಟಿಷ್ಟೇ ಬೆಂಕಿಯ ಬಟ್ಟಲಿಗೆ ನೂಕುತ್ತದೆ. ಒಂದು ಫ್ಯಾನು ಗಾಳಿ ಊದುತ್ತದೆ. ನಮ್ಮಲ್ಲಿ ಊದುಗೊಳವೆ ಹಿಡಿದ ಹೆಂಗಸು ಮಾಡುವ ಕೆಲಸವೇ, ಆದರೆ ಇದಕ್ಕೆ ಕರೆಂಟು ಬೇಕು, ಮೊಬೈಲು ಬೇಕು, ಜೊತೆಗೆ ಗಂಡಸೊಬ್ಬ ಮಡಿಚುವ ಕುರ್ಚಿ ಹಾಕಿಕೊಂಡು ಕಾವಲು ಕೂಡಬೇಕು.

"ಅಣ್ಣಾ, ಇದು ಒಲಿಯೇನು?" ಎಂದೆ.

"ಒಲಿ ಅಲ್ಲಲೇ, ಗ್ರಿಲ್. ಕಟ್ಟಿಗಿ ಉರೀತೈತಿ, ಆದ್ರ ನಾವು ಊದಂಗಿಲ್ಲ, ನೋಡಂಗಿಲ್ಲ. ಎಷ್ಟು ಬಿಸಿ ಬೇಕೋ ಅಷ್ಟು ಒತ್ತಿದ್ರ ಮುಗೀತು."

"ಕರೆಂಟ್ ಹೋದ್ರ?"

"ಇಲ್ಲಿ ಹೋಗಂಗಿಲ್ಲ."

ಮೊದಲ ದಿನ ಬೆಳಿಗ್ಗೆ ಉಪ್ಪಿಟ್ಟು ಮಾಡುತ್ತೇನೆಂದ. ರವೆಯನ್ನು ತಗಡಿನ ತಾಟಿನಲ್ಲಿ ಹರಡಿ ಗ್ರಿಲ್ಲಿನೊಳಗೆ ಇಟ್ಟ. ಅದು ಬಿಸಿಯಾಗಲು ಒಂದಷ್ಟು ಹೊತ್ತು, ರವೆಗೆ ಹೊಗೆ ಹಿಡಿಯಲು ಇನ್ನಷ್ಟು ಹೊತ್ತು, ಮತ್ತೊಂದು ತಾಟಿನಲ್ಲಿ ಈರುಳ್ಳಿ, ಮಗದೊಂದರಲ್ಲಿ ನೀರು. ನೀರು ಕುದಿಯುವುದನ್ನು ನೋಡೋಣವೆಂದು ನಾನು ಮುಚ್ಚಳಕ್ಕೆ ಕೈ ಹಾಕಿದೆ.

"ತೆರೀಬ್ಯಾಡ! ಕಾವು ಹೋಗ್ತೈತಿ!"

ಅದೇ ಹೊತ್ತಿಗೆ ಬೇಲಿಯ ಆಚೆಯಿಂದಲೂ ಯಾರೋ ಇಂಗ್ಲಿಷಿನಲ್ಲಿ ಅದನ್ನೇ ಕೂಗಿದರು. ಪಕ್ಕದ ಮನೆಯ ಗ್ರೆಗ್. ಅರವತ್ತು ದಾಟಿದ, ಕೆಂಪು ಮೂಗಿನ, ಸದಾ ಬರಿಗಾಲಿನ ಮನುಷ್ಯ. ಅವನ ಹಿತ್ತಲಿನಲ್ಲೂ ಇಂಥದೇ ಒಂದು ಡಬ್ಬಿ ಇತ್ತು. ಮದುವೆಯಾದಾಗಿನಿಂದ ದಿನಕ್ಕೆ ಎಷ್ಟೋ ಸಲ ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಸೌಟಿನಿಂದ ತಿರುವಿ, ಅಂಗೈ ಮೇಲೆ ಹನಿ ಹಾಕಿ ರುಚಿ ನೋಡಿ ಅಡಿಗೆ ಮಾಡಿದವಳು ನಾನು. ಎರಡು ದೇಶದ ಇಬ್ಬರು ಗಂಡಸರು ನನಗೆ ಮುಚ್ಚಳ ತೆರೆಯಬೇಡ ಎಂದು ಹೇಳಿಕೊಡುತ್ತಿದ್ದರು.

ಬೆಳಗಿನ ಉಪ್ಪಿಟ್ಟು ಮಧ್ಯಾಹ್ನ ಬಂತು. ಮೇಲೆ ಒಣ, ಕೆಳಗೆ ಅಂಟು, ಬಾಯಿಗಿಟ್ಟರೆ ಸುಟ್ಟ ಬಣವೆಯ ರುಚಿ.

"ಹೆಂಗೈತಿ?" ಎಂದು ಅಣ್ಣ ಕೇಳಿದ. ಅವನ ಮುಖದಲ್ಲಿ ಎಷ್ಟೋ ಆಸೆ ಇತ್ತು. "ಮಸ್ತ್ ಐತಿ" ಎಂದೆ. ಆ ಒಂದು ಮಾತಿಗೆ ನಾನು ಮುಂದಿನ ದಿನಗಳಲ್ಲಿ ಭಾರಿ ದಂಡ ತೆತ್ತೆ.

ಅಡುಗೆಮನೆ ಇರಲಿಲ್ಲವೆಂದಲ್ಲ. ಹಳೆಯ ಇಟ್ಟಿಗೆ ಮನೆ. ಅಡುಗೆಮನೆಗೆ ಬೇರೆಯೇ ಬಾಗಿಲಿತ್ತು, ಅದು ಯಾವಾಗಲೂ ಮುಚ್ಚಿರುತ್ತಿತ್ತು. ಚಹಾಕ್ಕೆಂದು ನಡುಮನೆಯಲ್ಲಿ ಕರೆಂಟಿನ ಕೆಟಲ್ ಇಟ್ಟಿದ್ದ. ಪಾತ್ರೆ ತೊಳೆಯುವುದು ಬಟ್ಟೆ ಒಗೆಯುವ ಕೋಣೆಯಲ್ಲಿ. ಒಂದು ದಿನ ನಾನು ಬಾಗಿಲು ತೆರೆದು ನೋಡಿದೆ. ಸ್ಟೀಲ್ ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು, ಕಟ್ಟೆಯ ಮೇಲೆ ತೆಳ್ಳಗೆ ಧೂಳು. ಹಿಂದಿನಿಂದ ಅಣ್ಣ, "ಅಲ್ಲೇನೂ ಇಲ್ಲ, ಬಾ. ಗ್ಯಾಸ್ ಬಂದ್ ಮಾಡೀನಿ. ಒಬ್ಬವಗ ಯಾಕ ಬೇಕು ಅದು?" ಎಂದ. ಯಂತ್ರದ ಹುಚ್ಚಿನಲ್ಲಿ ಅಂಥ ಚೆಂದದ ಅಡುಗೆಮನೆಯನ್ನು ಹಾಳುಗೆಡವಿದ್ದಾನೆ ಎಂದುಕೊಂಡೆ.

ಅಂಗಡಿ

ಇಲ್ಲಿಯ ಜನ ಬರಿಗಾಲಲ್ಲಿ ಸೂಪರ್ ಮಾರ್ಕೆಟ್ಟಿಗೆ ಬರುತ್ತಾರೆ. ಬಡತನದಿಂದಲ್ಲ, ಕಾರಿನಿಂದ ಇಳಿದು ಬರಿಗಾಲಲ್ಲೇ ಬಂದು ಚೀಸು, ಬ್ರೆಡ್ಡು ಕೊಂಡು ಹೋಗುತ್ತಾರೆ. ನಾವು ಹಂಪಿಯಲ್ಲಿ ಗುಡಿಯ ಮುಂದೆ ಚಪ್ಪಲಿ ಬಿಟ್ಟು, ಕಾದ ಕಲ್ಲಿನ ಮೇಲೆ ಕುಣಿಯುತ್ತ ಒಳಗೆ ಓಡುವವರು. ಇವರು ಪುಣ್ಯದ ಆಸೆಯೂ ಇಲ್ಲದೆ ನಡೆದಾಡುತ್ತಾರೆ.

ನನ್ನನ್ನು ಸಮುದ್ರಕ್ಕೆ ಕರೆದೊಯ್ಯುವ ದಿನ ಅಣ್ಣ ಮೊದಲು ಗುಳಿಗೆಯ ಅಂಗಡಿಗೆ ಕರೆದೊಯ್ದ. ಬಸ್ ನಿಲ್ದಾಣದಷ್ಟು ದೊಡ್ಡ ಅಂಗಡಿ. ಅಲ್ಲಿ ಗುಳಿಗೆಯ ಚೀಲಗಳು ಸಿಮೆಂಟ್ ಚೀಲದ ಹಾಗೆ ಪೇರಿಸಿದ್ದವು. ಸೇಬಿನ ಮರದ್ದು, ಚೆರಿ ಮರದ್ದು, ಇಲ್ಲಿಯದೇ ಜಾರಾ ಎಂಬ ಕೆಂಪು ಮರದ್ದು. ಅಣ್ಣ ಒಂದೊಂದು ಚೀಲದ ಸಣ್ಣ ತೂತಿಗೆ ನನ್ನ ಮೂಗು ಹಚ್ಚಿದ.

"ಇದು ಸೇಬು, ನೋಡು. ಸ್ವಲ್ಪ ಸಿಹಿ. ಬದ್ನಿಕಾಯಿಗೆ ಇದು. ಇದು ಜಾರಾ, ಭಾಳ ಘಾಟು. ಇದರಾಗ ಏನ್ ವಾಸನಿ ಬಂತು?"

"ಸಾಮಿಲ್ಲಿನ ಮುಂದ ಬಸ್ ನಿಂತಾಗ ಬರ್ತೈತಲ್ಲ, ಅದು."

ಅವನಿಗೆ ಬೇಸರವಾಯಿತು. ಒಂದು ಗಂಟೆ ಆ ಚೀಲ, ಈ ಚೀಲ ಎಂದು ತೂಗಿ ನೋಡಿದ. ಅಲ್ಲಿಂದ ಹೊರಟು ಸಮುದ್ರದ ಕಡೆಗೆ ತಿರುಗುವ ಹೊತ್ತಿಗೆ ಅವನ ಮೊಬೈಲು ಟಿಂಗ್ ಎಂದಿತು. ಮನೆಯಲ್ಲಿ ಗ್ರಿಲ್ಲಿನೊಳಗೆ ಆಲೂಗಡ್ಡೆ ಬಿಟ್ಟು ಬಂದಿದ್ದ. ಗುಳಿಗೆ ಮುಗಿಯುತ್ತ ಬಂದಿದೆ ಎಂದು ಡಬ್ಬಿ ದೂರು ಹೇಳುತ್ತಿತ್ತು. ಕಾರು ತಿರುಗಿಸಿದ. ಸಮುದ್ರ ನನಗೆ ಎರಡು ಮನೆಗಳ ನಡುವೆ ಒಂದು ನೀಲಿ ಗೆರೆಯಾಗಿ ಕಂಡು ಮಾಯವಾಯಿತು.

ಇನ್ನೊಂದು ದಿನ ದೂರದ ಒಂದು ಬಂಡೆ ನೋಡಲು ಹೋಗುವುದೆಂದಾಯಿತು. ಅಲೆಯ ಆಕಾರದ ಬಂಡೆಯಂತೆ, ಅರ್ಧ ದಿನದ ಹಾದಿಯಂತೆ. ಹೊಸಪೇಟೆಯವಳಿಗೆ ಬಂಡೆ ತೋರಿಸಲು ಅಷ್ಟು ದೂರ ಯಾಕೆ ಎಂದು ನನಗೆ ಅನಿಸಿತು. ಕಮಲಾಪುರದ ಬಸ್ಸಿನ ಕಿಟಕಿಯಲ್ಲಿ ಕತ್ತು ಹೊರಳಿಸಿದರೆ ಬಂಡೆಗಳು ಆಲೂಗಡ್ಡೆ ರಾಶಿಯ ಹಾಗೆ ಬಿದ್ದಿವೆ. ಆದರೂ ಮನೆಯಿಂದ ಹೊರಗೆ ಹೋದರೆ ಸಾಕೆಂದು ಸೀರೆ ಉಟ್ಟು ನಿಂತೆ. ಹೋಗಲಿಲ್ಲ. ಹಿಂದಿನ ದಿನ ಅಣ್ಣ ಹಾಲಿಗೆ ಹೆಪ್ಪು ಹಾಕಿದ್ದ, ಆ ಮೊಸರಿಗೆ ಸಣ್ಣ ಕಾವಿನಲ್ಲಿ ಹೊಗೆ ಕೊಡಬೇಕಿತ್ತು.

ಆ ದಿನ ನಮ್ಮ ಮನೆಯವರು ಫೋನ್ ಮಾಡಿದರು.

"ಏನ್ ಉಂಡಿ ಇವತ್ತು?"

"ಹೊಗಿ."

"ಏನಂದಿ?"

"ಹೊಗಿ ಅನ್ನ, ಹೊಗಿ ಬದ್ನಿಕಾಯಿ, ಹೊಗಿ ಮೊಸರು."

"ಮೊಸರಿಗೂ ಹೊಗಿ ಹಾಕ್ಯಾನ?"

"ಹಾಕ್ಯಾನ್ರೀ. ನಾಳೆ ನೀರಿಗೂ ಹಾಕ್ತಾನ. ನನ್ನ ಕೂದ್ಲ ತೊಳದ್ರ ಮಸಿ ನೀರು ಬರ್ತೈತಿ. ಮರಿಯಮ್ಮನಹಳ್ಳಿ ಹೈವೇ ಬಾಜೂಕ ಲಾರಿ ಹಿಂದ ನಿಂತಂಗ ಆಗೈತಿ ನಂದು."

ಅವರು ನಕ್ಕರು. ಆಮೇಲೆ, "ಅವ ಹೆಂಗ ಅದಾನ?" ಎಂದು ಕೇಳಿದರು. ತೆಳ್ಳಗಾಗಿದ್ದಾನೆ ಎಂದಷ್ಟೇ ಹೇಳಿದೆ. ಅಲ್ಲಿಯವರೆಗೆ ನಾವು ಕಟ್ಟಿಗೆ, ಕಾವು, ಉಪ್ಪು, ಹೊಗೆ ಬಿಟ್ಟು ಇನ್ನೊಂದು ಮಾತಾಡಿರಲಿಲ್ಲ. ಅತ್ತಿಗೆಯ ಹೆಸರು ಒಮ್ಮೆಯೂ ಅವನ ಬಾಯಲ್ಲಿ ಬಂದಿರಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಸೇಬಿನ ಹೊಗೆಯಲ್ಲಿ ಬೆಂದ ಬದನೆಕಾಯಿ ಚೆನ್ನಾಗಿತ್ತು. ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಹಾಕಿ ಕಿವುಚಿದರೆ ನಮ್ಮ ಅವ್ವ ಕುಳ್ಳಿನ ಬೆಂಕಿಯಲ್ಲಿ ಸುಟ್ಟು ಮಾಡುತ್ತಿದ್ದ ಬಜ್ಜಿಗೆ ಕಡಿಮೆಯಿರಲಿಲ್ಲ. ಅದನ್ನು ಒಪ್ಪಿಕೊಳ್ಳುವಾಗ ನನಗೆ ಇನ್ನೂ ಸಿಟ್ಟು ಬಂತು.

ಆ ಶನಿವಾರ

ಪುಣ್ಯತಿಥಿ ಶನಿವಾರ ಬಂತು. ಅಣ್ಣನ ಜೊತೆ ಕೆಲಸ ಮಾಡುವವರು, ಊರಿನಲ್ಲಿರುವ ಒಂದೆರಡು ಕನ್ನಡದ ಮನೆಗಳವರು, ಗ್ರೆಗ್, ಎಲ್ಲರನ್ನೂ ಮಧ್ಯಾಹ್ನದ ಊಟಕ್ಕೆ ಕರೆದಿದ್ದ. ಗೋಧಿ ಹುಗ್ಗಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಚಿತ್ರಾನ್ನ. ಎಲ್ಲ ಗ್ರಿಲ್ಲಿನ ಮೇಲೆಯೇ ಎಂದ. "ರೊಟ್ಟಿನೂ?" ಎಂದೆ. "ಕಲ್ಲಿನ ಹಂಚು ತರಿಸೀನಿ" ಎಂದ. ವಾದ ಮಾಡುವ ತ್ರಾಣ ನನಗೆ ಉಳಿದಿರಲಿಲ್ಲ.

ಶುಕ್ರವಾರ ಸಂಜೆ ಅವನು ಆ ಡಬ್ಬಿಯನ್ನು ಮದುವೆಯ ಹುಡುಗನ ಹಾಗೆ ತಿಕ್ಕಿ ತೊಳೆದ. ಬೂದಿಯನ್ನು ವ್ಯಾಕ್ಯೂಮ್ ಹಿಡಿದು ಎಳೆದ. ಹೊಸ ಗುಳಿಗೆ ತುಂಬಿದ. ಮೈ ಆರಲೆಂದು ಹೊದಿಕೆ ಹಾಕದೆ, ಗುಳಿಗೆ ಡಬ್ಬಿಯ ಮುಚ್ಚಳವನ್ನೂ ತೆರೆದಿಟ್ಟು ಮಲಗಲು ಹೋದ. ಮಳೆಯ ಸೂಚನೆ ಇರಲಿಲ್ಲ.

ಮಳೆ ಬರಲಿಲ್ಲ. ಆದರೆ ಈ ದೇಶದಲ್ಲಿ ಹುಲ್ಲಿಗೆ ನೀರು ಹಾಕಲೂ ಯಂತ್ರವಿದೆ. ನೆಲದೊಳಗಿನ ನಳಿಕೆಗಳು ಬೆಳಗಾಗುತ್ತಲೇ ತಾವೇ ತಲೆ ಎತ್ತಿ, ಸುತ್ತ ನೀರು ಚಿಮ್ಮಿಸಿ, ತಾವೇ ಮಲಗುತ್ತವೆ. ಅವುಗಳಲ್ಲಿ ಒಂದರ ಕತ್ತು ಮುರಿದಿತ್ತು. ಅದು ಹುಲ್ಲನ್ನು ಬಿಟ್ಟು ನೇರ ಗ್ರಿಲ್ಲಿನ ಕಡೆಗೆ ಚಿಮ್ಮಿತ್ತು.

ನಾವು ಹೊರಗೆ ಬಂದಾಗ ಗುಳಿಗೆ ಡಬ್ಬಿ ನೆನೆದ ಅವಲಕ್ಕಿಯಾಗಿತ್ತು. "ಮ್ಯಾಲಿಂದಷ್ಟ ಹಸಿ, ಕೆಳಗ ಒಣಗೈತಿ" ಎಂದು ಅಣ್ಣ ಮೇಲಿನದನ್ನು ಬೊಗಸೆಯಲ್ಲಿ ಬಳಿದು ಹಾಕಿ ಸ್ವಿಚ್ ಒತ್ತಿದ. ಸ್ಕ್ರೂ ಒಂದು ಸುತ್ತು ತಿರುಗಿತು. ಕರ್ರ್ ಎಂದಿತು. ನಿಂತಿತು. ಒದ್ದೆ ಹೊಟ್ಟು ಒಳಗೆ ಉಬ್ಬಿ ಗಾರೆಯ ಹಾಗೆ ಕೂತುಬಿಟ್ಟಿತ್ತು. ಡಬ್ಬಿಯ ಮೇಲೆ ಕೆಂಪು ಅಕ್ಷರ ಮೂಡಿತು, ಮೊಬೈಲು ಟಿಂಗ್ ಟಿಂಗ್ ಎಂದಿತು. ಅಣ್ಣ ಸ್ಪಾನರ್ ತಂದ, ಕಡ್ಡಿ ಹಾಕಿ ಕೆದಕಿದ, ಗ್ರೆಗ್ ಬೇಲಿ ಮೇಲಿಂದ ಸಲಹೆ ಕೊಟ್ಟ. ಬಿಸಿಲೇರುತ್ತಿತ್ತು. ನಾನು ನಾದಿದ ಹಿಟ್ಟು ಒಣಗುತ್ತಿತ್ತು.

"ಅಣ್ಣಾ, ಸಾಕು ಬಿಡು. ಒಳಗ ಗ್ಯಾಸ್ ಚಾಲೂ ಮಾಡು. ಜಲ್ದಿ ಮುಗಸ್ತೀನಿ."

"ಬ್ಯಾಡ. ಇದು ರೆಡಿ ಆಗ್ತೈತಿ."

"ಜನ ಬರೋ ಹೊತ್ತಾತು."

"ಹೋಟೆಲಿಂದ ತರಸ್ತೀನಿ."

ಅಲ್ಲಿ ನನ್ನ ತಾಳ್ಮೆ ತಪ್ಪಿತು. ಬಂದಾಗಿನಿಂದ ನುಂಗಿದ ಹೊಗೆಯೆಲ್ಲ ಒಟ್ಟಿಗೆ ಹೊರಗೆ ಬಂತು.

"ಅತ್ತಿಗಿ ಪುಣ್ಯತಿಥಿಗೆ ಪಿಜ್ಜಾ ತರಸ್ತೀಯೇನು? ಕಂಪ್ಲಿಯಾಗ ಆಕಿ ತವರುಮನಿಯವ್ರು ಕೇಳಿದ್ರ ಏನ್ ಹೇಳ್ಲಿ ನಾ? ಮನ್ಯಾಗ ಅಷ್ಟು ಚಂದದ ಅಡಿಗಿಮನಿ ಇಟಗೊಂಡು ಈ ಡಬ್ಬಿ ಮುಂದ ಕುಂತು ಕುಂತು ನಿನಗ ತಲಿ ಕೆಟ್ಟೈತಿ! ಒಂದು ದಿನಾರ ಆಕಿ ಹೆಸರು ತಗದೀಯೇನು ನೀ? ಬರೀ ಗುಳಿಗಿ, ಗುಳಿಗಿ!"

ಗ್ರೆಗ್ ಬೇಲಿಯಿಂದ ತಲೆ ಇಳಿಸಿಕೊಂಡ. ಮಾತು ತಿಳಿಯದಿದ್ದರೂ ದನಿ ತಿಳಿದಿರಬೇಕು.

ಅಣ್ಣ ಸ್ಪಾನರ್ ಕೆಳಗಿಟ್ಟ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. ಅಂಗೈಯಲ್ಲಿ ಒದ್ದೆ ಹೊಟ್ಟು ಇತ್ತು, ಅದನ್ನು ಹಿಚುಕುತ್ತ, ನನ್ನ ಕಡೆ ನೋಡದೆ ಹೇಳಿದ.

"ಸುಮಾ, ಆಕಿ ಅಲ್ಲೇ ಬಿದ್ದಿದ್ಲು."

"ಎಲ್ಲಿ?"

"ಅಡಿಗಿಮನ್ಯಾಗ. ಒಲಿ ಮುಂದ. ನಾ ಗಣಿಯಾಗಿದ್ದೆ. ಸುಟ್ಟ ವಾಸನಿ ಬಂತಂತ ಗ್ರೆಗ್ ಕಿಟಕ್ಯಾಗ ಇಣುಕಿ ನೋಡ್ಯಾನ, ಬಾಗ್ಲ ಮುರದು ಒಳಗ ಬಂದಾನ. ನಾ ಬರೋದ್ರಾಗ ಆಕಿನ್ನ ದವಾಖಾನಿಗೆ ಒಯ್ದಿದ್ರು. ಸಾರಿನ ಪಾತ್ರಿ ಒಲಿ ಮ್ಯಾಲ ಹಂಗ ಇತ್ತು, ಕರ್ರಗ." ಹೊಟ್ಟನ್ನು ಹುಲ್ಲಿಗೆ ಒಗೆದು, "ಆಮ್ಯಾಲ ನಾ ಆ ಬಾಗ್ಲ ದಾಟಿಲ್ಲ. ಪಾತ್ರಿನೂ ಗ್ರೆಗ್ ತಗದ. ಗ್ಯಾಸ್ ಹೊರಗಿಂದ ಬಂದ್ ಮಾಡಿಸಿದೆ. ಹೊಟ್ಟಿಗೆ ಏನರ ಬೇಕಲ್ಲ, ಇದನ್ನ ತಂದೆ" ಎಂದ.

ನನಗೆ ಸಂಕಟವಾಯಿತು, ಸಿಟ್ಟೂ ಹೋಗಲಿಲ್ಲ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ. ಸ್ವಂತ ತಂಗಿಗೆ ಆ ಮಾತು ಹೇಳಲಾರದೆ ಇಷ್ಟು ದಿನ ಹೊಗೆ ಉಪ್ಪಿಟ್ಟು ತಿನ್ನಿಸಿದನಲ್ಲ. ಅವನ ಪಕ್ಕದಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತೆ. ಸೀರೆ ನೆನೆಯಿತು.

ಕೊನೆಗೆ ಹೇಳಿದೆ: "ನೀ ಒಳಗ ಬರಬ್ಯಾಡ. ಹೊರಗಿಂದ ಗ್ಯಾಸ್ ಚಾಲೂ ಮಾಡಿಕೊಡು. ಒಳಗಿಂದು ನಾ ನೋಡ್ಕೋತೀನಿ."

ಅವನು ಎದ್ದು ಮನೆಯ ಪಕ್ಕಕ್ಕೆ ಹೋದ. ಗೋಡೆಯ ಬಳಿ ವಾಲ್ವ್ ತಿರುಗುವ ಸದ್ದು ಕೇಳಿಸಿತು.

ಅಡುಗೆಮನೆ

ಹೇಳಿದ್ದು ಸುಲಭ. ಬಾಗಿಲು ತೆರೆದಾಗ ನನ್ನ ಕಾಲೂ ತಡೆಯಿತು. ನೆಲ ನೋಡಬಾರದೆಂದುಕೊಂಡು ನೆಲವನ್ನೇ ನೋಡಿದೆ. ಬಿಳಿ ಹಾಸುಗಲ್ಲು, ಅಷ್ಟೇ. ಕಟ್ಟೆ ಒರೆಸಿ, ನಳ ಬಿಟ್ಟು, ಒಲೆ ಹಚ್ಚಿದೆ. ಎರಡು ಸಲ ಬುಸ್ಸೆಂದು ಮೂರನೆಯ ಸಲ ಹತ್ತಿತು.

ಅಣ್ಣ ಹೊರಗೆ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದ. ನಾನು ಒಳಗಿನಿಂದ ಕೂಗಬೇಕು, ಅವನು ತಿರುಗದೆ ಉತ್ತರ ಕೊಡಬೇಕು.

"ಹಂಚು ಎಲ್ಲೈತಿ?"

"ಎಡಕ್ಕ, ಕೆಳಗ. ದೊಡ್ಡ ಕುಕ್ಕರ್ ಹಿಂದ."

"ಸಾಸಿವಿ?"

"ಒಲಿ ಮ್ಯಾಗಿನ ಕಪಾಟು. ಗಿಡ್ಡ ಡಬ್ಬಿ."

"ಬೆಲ್ಲ?"

"ಅದರ ಹಿಂದ. ಇರಬಿ ಹತ್ತತಾವಂತ ಆಕಿ ತಾಟಿನ್ಯಾಗ ನೀರು ಹಾಕಿ ಇಡತಿದ್ಲು."

ತಾಟು ಹಾಗೇ ಇತ್ತು. ನೀರು ಎಂದೋ ಆರಿ ಬಿಳಿಯ ಗೆರೆ ಉಳಿದಿತ್ತು. ಬೆಲ್ಲ ಕಲ್ಲಾಗಿತ್ತು, ಕುಟ್ಟಿ ಪುಡಿ ಮಾಡಿದೆ. ಹುಗ್ಗಿ ಒಂದು ಕಡೆ, ಎಣ್ಣೆಗಾಯಿ ಒಂದು ಕಡೆ ಕುದಿಯಲು ಬಿಟ್ಟು ರೊಟ್ಟಿ ಬಡಿಯತೊಡಗಿದೆ. ಹಂಚು ಎಷ್ಟೋ ದಿನದಿಂದ ಒಲೆ ಕಾಣದ್ದು, ಕಾದು ಹೊಗೆಯಾಡತೊಡಗಿತು. ಹೊಗೆ ನನಗೇನು ಹೊಸದೇ? ಲೆಕ್ಕಿಸದೆ ಬಡಿಯುತ್ತಿದ್ದೆ.

ಇದ್ದಕ್ಕಿದ್ದಂತೆ ತಲೆಯ ಮೇಲೆ ಯಾರೋ ಕಿರುಚಿದಂತಾಯಿತು. ಮನೆಗೆ ಬೆಂಕಿ ಬಿದ್ದರೆ ಕೂಗುವ ಯಂತ್ರ. ಬಾಗಿಲ ಆಚೆ ಛಾವಣಿಗೆ ಅಂಟಿಕೊಂಡು ಕೆಂಪು ಕಣ್ಣು ಮಿಟುಕಿಸುತ್ತ ಕಿವಿ ಹರಿಯುವ ಹಾಗೆ ಅರಚುತ್ತಿತ್ತು. ಹೊರಗೆ ಅಷ್ಟು ದಿನ ಅಷ್ಟು ಹೊಗೆ ಎಬ್ಬಿಸಿದಾಗ ಇದು ಎಲ್ಲಿ ಹೋಗಿತ್ತೋ. ಕೈಯೆಲ್ಲ ಹಿಟ್ಟು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ನಾನೂ ಅದರ ಸಮಕ್ಕೆ ಕಿರುಚಿದೆ.

"ಅಣ್ಣಾ! ಲಗೂನ ಬಾ! ಇದನ್ನ ಬಾಯಿ ಮುಚ್ಚಿಸು!"

ಹಿತ್ತಲ ಬಾಗಿಲು ಧಡ್ ಎಂದಿತು. ಅಣ್ಣ ಓಡಿ ಬಂದವನೇ ಅಡುಗೆಮನೆಗೆ ನುಗ್ಗಿ, ಅಲ್ಲಿದ್ದ ಕುರ್ಚಿ ಎಳೆದುಕೊಂಡು ಹೋಗಿ ಅದರ ಮೇಲೆ ಹತ್ತಿ, ಯಂತ್ರದ ಗುಂಡಿ ಒತ್ತಿದ. ನಿಲ್ಲಲಿಲ್ಲ. ಇಳಿದು ಮತ್ತೆ ಒಳಗೆ ಬಂದ, ಕಿಟಕಿ ತೆರೆದ, ಟವೆಲ್ ಹಿಡಿದು ಹೊಗೆಯನ್ನು ಹೊರಗೆ ಬೀಸಿದ. ಬೀಸುತ್ತಲೇ ನನ್ನನ್ನು ಬೈದ: "ಫ್ಯಾನ್ ಹಾಕಬೇಕಲೇ! ಒಲಿ ಮ್ಯಾಲ ಫ್ಯಾನ್ ಐತಿ, ಕಣ್ಣ ಕಾಣಂಗಿಲ್ಲೇನು?"

ಯಂತ್ರ ನಿಂತಿತು.

ಅವನು ನಿಂತ ಜಾಗ ಒಲೆಯ ಮುಂದೆಯೇ. ಕೈಯಲ್ಲಿ ಟವೆಲ್ ಹಾಗೇ ಇತ್ತು. ಆಗ ಅವನಿಗೆ ತಾನೆಲ್ಲಿದ್ದೇನೆಂದು ಹೊಳೆಯಿತು. ಕೆಳಗೆ ನೋಡಿದ. ಒಲೆಯನ್ನು ನೋಡಿದ. ಹೊರಗೆ ಹೋಗುತ್ತಾನೆ ಎಂದುಕೊಂಡೆ. ಹೋಗಲಿ ಎಂದು ದಾರಿ ಬಿಟ್ಟು ನಿಂತೆ.

"ರೊಟ್ಟಿ ಹೊತ್ತೈತಿ," ಎಂದ.

ಬರಿಗೈಯಲ್ಲಿ ರೊಟ್ಟಿ ಎತ್ತಿ ಸಿಂಕಿಗೆ ಒಗೆದ. ಹಂಚನ್ನು ಬಟ್ಟೆಯಿಂದ ಒರೆಸಿದ. ಫ್ಯಾನ್ ಹಾಕಿದ.

"ನೀ ಬಡಿ. ನಾ ಬೇಯಸ್ತೀನಿ."

ನಾನು ಬಡಿದೆ. ಅವನು ರೊಟ್ಟಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕಿದ. ಮೊದಲಿನವು ಹರಿದವು. ಆಮೇಲಿನವು ಉಬ್ಬಿದವು. ದಪ್ಪ ಬಡಿದೆ ಎಂದು ಅವನು ಗೊಣಗಿದ, ಜಲ್ದಿ ತಿರುವಿದಿ ಎಂದು ನಾನು ಗೊಣಗಿದೆ.

ಜನ ಬಂದರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ತಟ್ಟೆ, ಅದರಲ್ಲಿ ಅವರವರ ಮನೆಯ ತಿಂಡಿ. ಕರೆದವರ ಮನೆಗೆ ತಮ್ಮ ಊಟ ತಾವೇ ಹೊತ್ತು ಬರುವುದು ಇಲ್ಲಿಯ ರೂಢಿಯಂತೆ. ನಮ್ಮೂರಿನಲ್ಲಿ ಹೀಗೆ ಮಾಡಿದರೆ ಮನೆಯೊಡತಿ ಮತ್ತೆ ಅವರ ಮುಖ ನೋಡುವುದಿಲ್ಲ. ನನಗೂ ಮೊದಲು ಕೆಂಡದಂಥ ಸಿಟ್ಟು ಬಂತು. ಎಣ್ಣೆಗಾಯಿ ಕಡಿಮೆ ಬಿದ್ದಾಗ ಅವೇ ತಟ್ಟೆಗಳು ಕೈ ಹಿಡಿದವು, ಸುಮ್ಮನಾದೆ.

ಗ್ರೆಗ್ ಬರಿಗಾಲಲ್ಲೇ ಬಂದ, ಆದರೆ ಅಂಗಿ ಇಸ್ತ್ರಿ ಮಾಡಿದ್ದು. ತನ್ನ ತಟ್ಟೆ ಎಲ್ಲಿಡಲಿ ಎಂದು ಕೇಳುತ್ತ ಅಡುಗೆಮನೆಯ ಬಾಗಿಲಿಗೆ ಬಂದವನು ಅಲ್ಲೇ ನಿಂತ. ಒಲೆಯ ಮುಂದೆ ಅಣ್ಣ ಇದ್ದ, ಹಣೆಗೆ ವಿಭೂತಿ, ಕೈಗೆ ಹಿಟ್ಟು. ಸದಾ ಸಲಹೆ ಕೊಡುವ ಗ್ರೆಗ್ ಒಳಗೆ ಬಂದು ತಟ್ಟೆ ಕಟ್ಟೆಯ ಮೇಲಿಟ್ಟು, ಅಣ್ಣನ ಭುಜದ ಮೇಲೆ ಒಂದು ಗಳಿಗೆ ಕೈ ಇಟ್ಟು ಹೊರಗೆ ಹೋದ.

ಅತ್ತಿಗೆಯ ಫೋಟೋಕ್ಕೆ ಹೂ ಏರಿಸಿ, ಮೊದಲ ಎಡೆ ಇಟ್ಟು ಎಲ್ಲರೂ ಊಟಕ್ಕೆ ಕೂತೆವು. ಊಟ ಮಾಡುವಾಗ ಅಣ್ಣ ಒಬ್ಬರಿಗೆ ಹೇಳುತ್ತಿದ್ದುದು ಕೇಳಿಸಿತು: "ಹುಗ್ಗಿಗೆ ಗಿರಿಜಾ ಗಸಗಸಿ ಹಾಕ್ತಿದ್ಲು. ನಮ್ಮ ತಂಗಿ ಮರತಾಳ."

ಭಾನುವಾರ

ಮರುದಿನ ಬೆಳಿಗ್ಗೆ ಕಬ್ಬಿಣ ತಿಕ್ಕುವ ಸದ್ದಿಗೆ ಎಚ್ಚರವಾಯಿತು. ಅಡುಗೆಮನೆಗೆ ಹೋಗಿ ನೋಡಿದರೆ ಅಣ್ಣ ಗ್ರಿಲ್ಲಿನ ಹೊಟ್ಟೆಯನ್ನೆಲ್ಲ ಬಿಚ್ಚಿ ತಂದು ಅತ್ತಿಗೆಯ ಸಿಂಕಿನಲ್ಲಿ ಸುರಿದಿದ್ದ. ಮೊಳದುದ್ದದ ಸ್ಕ್ರೂ, ಬೆಂಕಿಯ ಬಟ್ಟಲು, ಜಿಡ್ಡಿನ ತಗಡು. ಕಟ್ಟೆಯ ಮೇಲೆ ಮಸಿ, ಗೋಡೆಗೆ ಮಸಿ, ನಾನು ಹಿಂದಿನ ದಿನ ಬೆನ್ನು ಬಗ್ಗಿಸಿ ಒರೆಸಿದ ನೆಲದ ತುಂಬ ಒದ್ದೆ ಹೊಟ್ಟು.

"ಅಣ್ಣಾ! ಇದು ಅಡಿಗಿಮನಿನೋ, ಗ್ಯಾರೇಜೋ?"

"ಬಿಸಿನೀರು ಇಲ್ಲೇ ಛಲೋ ಬರ್ತೈತಿ. ಏನ್ ಮಾಡ್ಲಿ?"

"ಅತ್ತಿಗಿ ಇದ್ದಿದ್ರ ನಿನ್ನ..." ಎಂದು ನಾಲಿಗೆ ಕಚ್ಚಿಕೊಂಡೆ.

ಅವನು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಇದ್ದಿದ್ರ ಸ್ಕ್ರೂ ಸಮೇತ ನನ್ನನ್ನ ಹೊರಗ ಒಗೀತಿದ್ಲು," ಎಂದ. "ನೀ ಭಾಳ ಸಮಾಧಾನದಾಕಿ."

ಸಮಾಧಾನ ನನಗೆಲ್ಲಿಂದ ಬರಬೇಕು? ಅವನ ಮೊಣಕೈ ಕೆಳಗೆ ಪಾತ್ರೆ ತೂರಿಸಿ ನೀರು ಹಿಡಿದು ಚಹಾಕ್ಕೆ ಇಟ್ಟೆ. ಪಕ್ಕದ ಒಲೆಯ ಮೇಲೆ ಹಾಲಿಟ್ಟೆ. "ಉಕ್ಕತೈತಿ, ನೋಡ್ತಿರು," ಎಂದು ಹೇಳಿ ಮುಖ ತೊಳೆಯಲು ಹೋದೆ. "ಹ್ಞೂಂ" ಎಂದ.

ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಣ್ಣ ಬಗ್ಗಿ ಒಲೆಯನ್ನು ಮೂಲೆ ಮೂಲೆ ಬಿಡದೆ ಒರೆಸುತ್ತಿದ್ದ, ಗ್ರಿಲ್ ಒರೆಸುವ ಅದೇ ಜಿಡ್ಡು ಬಟ್ಟೆಯಿಂದ.